ಉತ್ತರ ಪುಟವಿಲ್ಲದ ಪದಬಂಧ ಬಿಡಿಸಿದ ಜೇಮ್ಸ್ ಪ್ರಿನ್ಸೆಪ್

ಭಾನುವಾರ ಬೆಳಿಗ್ಗೆ ಅಬ್ಬುವಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುವುದು ನನ್ನ ಕೆಲಸ. ಅಂಗಡಿಗೆ ಒಂದು ಕನ್ನಡ ಪತ್ರಿಕೆ ಬರುತ್ತದೆ. ಗಿರಾಕಿಗಳೆಲ್ಲ ಓದಿದ ಮೇಲೆ ಅದರ ಪದಬಂಧ ನನ್ನ ಪಾಲಿಗೆ. ನಮ್ಮ ಮನೆಮಾತು ಉರ್ದು. ಏಳನೇ ತರಗತಿಯವರೆಗೆ ನಾನು ಓದಿದ್ದು ಉರ್ದು ಮಾಧ್ಯಮದಲ್ಲಿ. ಎಂಟನೇ ತರಗತಿಗೆ ಕನ್ನಡ ಮಾಧ್ಯಮಕ್ಕೆ ಸೇರಿದಾಗ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಕಾಗುಣಿತ. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ, ಓದುವವರೇ ಸೇರಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ಹಾಗಲ್ಲ. ಒಂದು ಗುಡಿಸು ಬಿಟ್ಟರೆ, ಒಂದು ಕೊಂಬು ಮರೆತರೆ ಪದವೇ ಬೇರೆ. ಆಗ ನಮ್ಮ ಕನ್ನಡ ಮೇಷ್ಟ್ರು ದಿನವೂ ಪದಬಂಧ ಬಿಡಿಸು, ಕಾಗುಣಿತ ತಾನಾಗಿ ಬರುತ್ತದೆ ಎಂದು ಹೇಳಿದರು. ಪದಬಂಧದಲ್ಲಿ ಒಂದು ಮನೆಗೆ ಒಂದೇ ಅಕ್ಷರ. ಅಡ್ಡ ಸಾಲಿನಲ್ಲಿ ಬರೆದ 'ಕಿ' ಉದ್ದ ಸಾಲಿಗೂ 'ಕಿ' ಆಗಿಯೇ ಸಲ್ಲಬೇಕು, 'ಕ' ಆದರೆ ನಡೆಯುವುದಿಲ್ಲ.

ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಮೊದಲ ಒಂದು ವರ್ಷ ನಾನು ಪದಬಂಧ ಬಿಡಿಸುತ್ತಲೇ ಇರಲಿಲ್ಲ. ಉತ್ತರ ಪ್ರಕಟವಾಗುವವರೆಗೆ ಕಾದು, ಅದನ್ನು ನೋಡಿ ಮನೆಗಳನ್ನು ತುಂಬಿ, ಮೇಷ್ಟ್ರಿಗೆ ತೋರಿಸುತ್ತಿದ್ದೆ.

ಈ ವರ್ಷ ನಮ್ಮ ಇತಿಹಾಸ ತರಗತಿಯಲ್ಲಿ ಶಾಸನಗಳ ಬಗ್ಗೆ ಪಾಠ ನಡೆಯಿತು. ನಾನು ಎಚ್‌ಇಬಿಎ ವಿದ್ಯಾರ್ಥಿಯಾದ್ದರಿಂದ ಅಕೌಂಟೆನ್ಸಿಯ ಜೊತೆಗೆ ಇತಿಹಾಸವೂ ಇದೆ. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದರು ಎಂಬುದು ಪಾಠದಲ್ಲಿ ಒಂದೇ ಸಾಲು. ಒಂದು ಅಂಕದ ಪ್ರಶ್ನೆ. ಆದರೆ ನನ್ನ ತಲೆಯಲ್ಲಿ ಬೇರೊಂದು ಪ್ರಶ್ನೆ ಉಳಿಯಿತು. ಯಾರಿಗೂ ಗೊತ್ತಿಲ್ಲದ ಲಿಪಿಯನ್ನು ಒಬ್ಬರು ಓದುವುದಾದರೂ ಹೇಗೆ? ಉತ್ತರವನ್ನು ಪ್ರಕಟಿಸುವವರೇ ಇಲ್ಲದ ಪದಬಂಧ ಅದು. ಗ್ರಂಥಾಲಯದಲ್ಲಿ ಹುಡುಕಿ ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಜೇಮ್ಸ್ ಪ್ರಿನ್ಸೆಪ್ ಹುಟ್ಟಿದ್ದು 1799ರ ಆಗಸ್ಟ್ 20ರಂದು ಇಂಗ್ಲೆಂಡಿನಲ್ಲಿ. ತಂದೆ ಜಾನ್ ಪ್ರಿನ್ಸೆಪ್ ಬಂಗಾಳದಲ್ಲಿ ನೀಲಿ ವ್ಯಾಪಾರ ಮಾಡಿ ಹಣ ಗಳಿಸಿ ಊರಿಗೆ ಮರಳಿದ್ದವರು. ಆ ಹಣ ಉಳಿಯಲಿಲ್ಲ. ಮನೆ ತುಂಬ ಮಕ್ಕಳು. ಜೇಮ್ಸ್‌ಗೆ ಕಟ್ಟಡಗಳ ನಕ್ಷೆ ಬಿಡಿಸುವುದರಲ್ಲಿ ಬಹಳ ಆಸಕ್ತಿ. ವಾಸ್ತುಶಿಲ್ಪಿಯಾಗಬೇಕೆಂದು ಅಗಸ್ಟಸ್ ಪ್ಯೂಜಿನ್ ಎಂಬುವರ ಬಳಿ ಕಲಿಯಲು ಸೇರಿದರು. ಅಷ್ಟರಲ್ಲಿ ಕಣ್ಣಿಗೆ ಕಾಯಿಲೆ ಬಂತು. ಸೂಕ್ಷ್ಮವಾದ ಗೆರೆ ಎಳೆಯುವ ಕೆಲಸ ಮಾಡಲು ಆಗದು ಎಂದಾಯಿತು, ಓದು ನಿಂತಿತು. ಮುಂದೆ ಇಡೀ ದೇಶದಲ್ಲಿ ಯಾರೂ ಓದಲಾಗದ ಅಕ್ಷರವನ್ನು ಓದಿದವರು ಇದೇ ಕಣ್ಣಿನವರು ಎಂಬುದನ್ನು ನೆನಪಿಡಿ.

ಕಣ್ಣು ಸುಧಾರಿಸಿದ ಮೇಲೆ ತಂದೆ ಬೇರೆ ದಾರಿ ಹುಡುಕಿದರು. ಲಂಡನ್ನಿನ ಟಂಕಸಾಲೆಯಲ್ಲಿ ಚಿನ್ನ ಬೆಳ್ಳಿಯ ಶುದ್ಧತೆಯನ್ನು ಪರೀಕ್ಷಿಸುವ ಕೆಲಸಕ್ಕೆ ಜೇಮ್ಸ್‌ನನ್ನು ಸೇರಿಸಿದರು. ಟಂಕಸಾಲೆ ಎಂದರೆ ನಾಣ್ಯ ಅಚ್ಚು ಹಾಕುವ ಸ್ಥಳ, ನಮ್ಮ ಮನೆಯಲ್ಲಿ ಅದನ್ನು ಟಕ್ಸಾಲ್ ಎನ್ನುತ್ತೇವೆ. ಕೆಲಸ ಕಲಿತ ಜೇಮ್ಸ್ 1819ರಲ್ಲಿ ಕಲ್ಕತ್ತದ ಟಂಕಸಾಲೆಗೆ ಸಹಾಯಕರಾಗಿ ಬಂದಿಳಿದರು. ಆಗ ಅವರಿಗೆ ಇಪ್ಪತ್ತು ವರ್ಷ, ಅಂದರೆ ನಮಗಿಂತ ಮೂರೇ ವರ್ಷ ದೊಡ್ಡವರು. ಅಲ್ಲಿ ಅವರ ಮೇಲಧಿಕಾರಿ ಸಂಸ್ಕೃತ ವಿದ್ವಾಂಸ ಎಚ್. ಎಚ್. ವಿಲ್ಸನ್. ಮರುವರ್ಷವೇ ಪ್ರಿನ್ಸೆಪ್ ಅವರನ್ನು ಬನಾರಸಿನ ಟಂಕಸಾಲೆಗೆ ಕಳುಹಿಸಲಾಯಿತು.

ಬನಾರಸಿನಲ್ಲಿ ಅವರು ಹತ್ತು ವರ್ಷ ಇದ್ದರು. ಆ ಹತ್ತು ವರ್ಷದ ಕೆಲಸದ ಪಟ್ಟಿ ನೋಡಿದರೆ ಒಬ್ಬರೇ ಇಷ್ಟು ಮಾಡಿದರೇ ಎಂದು ಆಶ್ಚರ್ಯವಾಗುತ್ತದೆ. ಅತ್ಯಂತ ಸೂಕ್ಷ್ಮವಾದ ತಕ್ಕಡಿಯನ್ನು ತಯಾರಿಸಿದರು. ಕುಲುಮೆಯ ಒಳಗಿನ ಶಾಖವನ್ನು ಅಳೆಯುವ ವಿಧಾನ ಕಂಡುಹಿಡಿದರು. ಆ ಕೆಲಸಕ್ಕಾಗಿ 1828ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು. ಬನಾರಸ್ ನಗರದ ನಕ್ಷೆ ತಯಾರಿಸಿದರು, ಜನಗಣತಿ ಮಾಡಿಸಿದರು, ಕೊಳಚೆ ನೀರು ಹರಿದುಹೋಗಲು ನೆಲದಡಿಯಲ್ಲಿ ಸುರಂಗ ತೋಡಿಸಿದರು. ಕರ್ಮನಾಶಾ ನದಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. ಗಂಗೆಯ ದಡದಲ್ಲಿ ಔರಂಗಜೇಬನ ಕಾಲದ ಮಸೀದಿಯೊಂದಿತ್ತು. ಅದರ ಎತ್ತರದ ಮಿನಾರುಗಳು ಬೀಳುವ ಸ್ಥಿತಿಗೆ ಬಂದಿದ್ದವು. ಅವುಗಳನ್ನು ದುರಸ್ತಿ ಮಾಡಿಸಿದವರೂ ಪ್ರಿನ್ಸೆಪ್ ಅವರೇ. ಬಿಡುವಿನ ವೇಳೆಯಲ್ಲಿ ಘಾಟುಗಳ, ಬೀದಿಗಳ ಚಿತ್ರ ಬರೆದರು. ಆ ಚಿತ್ರಗಳು ಪುಸ್ತಕವಾಗಿ ಬಂದವು. ವಾಸ್ತುಶಿಲ್ಪಿಯಾಗುವ ಆಸೆ ಒಂದು ಬಾಗಿಲಿನಿಂದ ಹೊರಹೋಗಿ ಇನ್ನೊಂದು ಬಾಗಿಲಿನಿಂದ ಒಳಬಂದಿತ್ತು.

1830ರಲ್ಲಿ ಬನಾರಸಿನ ಟಂಕಸಾಲೆ ಮುಚ್ಚಿತು. ಪ್ರಿನ್ಸೆಪ್ ಕಲ್ಕತ್ತಕ್ಕೆ ಮರಳಿದರು. 1832ರಲ್ಲಿ ವಿಲ್ಸನ್ ಇಂಗ್ಲೆಂಡಿಗೆ ಹೊರಟಾಗ ಟಂಕಸಾಲೆಯ ಮುಖ್ಯ ಪರೀಕ್ಷಕರ ಹುದ್ದೆ ಇವರಿಗೆ ಬಂತು. ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿ ಸ್ಥಾನವೂ ಬಂತು. ಸೊಸೈಟಿಯ ಪತ್ರಿಕೆಗೂ ಇವರೇ ಸಂಪಾದಕರು.

ವಾಣಿಜ್ಯ ವಿಭಾಗದ ಸ್ನೇಹಿತರು ಇಲ್ಲಿ ಸ್ವಲ್ಪ ಗಮನ ಕೊಡಿ. ಆಗ ಕಂಪನಿ ಸರ್ಕಾರದ ಪ್ರದೇಶಗಳಲ್ಲೇ ಬೇರೆ ಬೇರೆ ತೂಕದ, ಬೇರೆ ಬೇರೆ ಶುದ್ಧತೆಯ ರೂಪಾಯಿಗಳು ಓಡಾಡುತ್ತಿದ್ದವು. ಒಂದು ಊರಿನ ರೂಪಾಯಿಯನ್ನು ಇನ್ನೊಂದು ಊರಿನಲ್ಲಿ ಕೊಟ್ಟರೆ ಸರಾಫರು ಬಟ್ಟ ಎಂದು ಹಿಡಿದುಕೊಂಡು ಕೊಡುತ್ತಿದ್ದರು. ಎಲ್ಲ ಕಡೆಗೂ ಒಂದೇ ನಾಣ್ಯ, ಒಂದೇ ತೂಕ ಇರಬೇಕೆಂದು ವಾದಿಸಿ ಕೆಲಸ ಮಾಡಿದವರಲ್ಲಿ ಪ್ರಿನ್ಸೆಪ್ ಮುಖ್ಯರು. 1833ರಲ್ಲಿ ತೊಲದ ತೂಕ 180 ಗ್ರೇನ್ ಎಂದು ನಿಗದಿಯಾಯಿತು. 1835ರಲ್ಲಿ ಅದೇ 180 ಗ್ರೇನ್ ತೂಕದ ಬೆಳ್ಳಿ ರೂಪಾಯಿ ಬಂತು. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ನಮ್ಮ ದಾದಿ ಈಗಲೂ ಚಿನ್ನವನ್ನು ಗ್ರಾಂ ಲೆಕ್ಕದಲ್ಲಿ ಹೇಳುವುದಿಲ್ಲ, ತೊಲದಲ್ಲೇ ಹೇಳುತ್ತಾರೆ. ಆ ತೊಲದ 11.66 ಗ್ರಾಂ ಎಲ್ಲಿಂದ ಬಂತೆಂದು ನನಗೆ ಗೊತ್ತಾದದ್ದು ಈಗಲೇ.

ನಾಣ್ಯದ ಕೆಲಸ ಮಾಡುವವರ ಕೈಗೆ ಹಳೆಯ ನಾಣ್ಯಗಳೂ ಬರುತ್ತವೆ. ದೇಶದ ಮೂಲೆ ಮೂಲೆಗಳಿಂದ ಜನ ಪ್ರಿನ್ಸೆಪ್ ಅವರಿಗೆ ಹಳೆಯ ನಾಣ್ಯಗಳನ್ನೂ ಶಾಸನಗಳ ನಕಲುಗಳನ್ನೂ ಕಳುಹಿಸತೊಡಗಿದರು. ಅವುಗಳಲ್ಲಿ ಒಂದು ಲಿಪಿ ಮತ್ತೆ ಮತ್ತೆ ಕಾಣುತ್ತಿತ್ತು. ಸರಳವಾದ ಗೆರೆಗಳು. ಒಂದು ಅಕ್ಷರ ನಮ್ಮ ಕೂಡುವ ಗುರುತಿನಂತೆ, ಒಂದು ಸೊನ್ನೆಯಂತೆ, ಇನ್ನೊಂದು ತಲೆಕೆಳಗಾದ ಇಂಗ್ಲಿಷ್ 'ಟಿ'ಯಂತೆ. ಇದೇ ಬ್ರಾಹ್ಮಿ. ಓದುವವರು ಒಬ್ಬರೂ ಇರಲಿಲ್ಲ.

ಈ ಒಗಟು ಪ್ರಿನ್ಸೆಪ್ ಕಾಲದ್ದಲ್ಲ, ಬಹಳ ಹಳೆಯದು. ಹದಿನಾಲ್ಕನೇ ಶತಮಾನದಲ್ಲಿ ದೆಹಲಿಯ ಸುಲ್ತಾನ ಫಿರೋಜ್ ಷಾ ತುಘಲಕ್ ಟೋಪ್ರಾ ಎಂಬ ಊರಿನಲ್ಲಿ ಒಂದೇ ಕಲ್ಲಿನ ದೊಡ್ಡ ಕಂಬವನ್ನು ನೋಡಿದ. ಅದನ್ನು ದೆಹಲಿಗೆ ತರಬೇಕೆಂದು ಮನಸ್ಸು ಮಾಡಿದ. ಅದನ್ನು ತಂದ ರೀತಿಯನ್ನು ಆ ಕಾಲದ ಚರಿತ್ರೆಕಾರ ಶಮ್ಸ್ ಸಿರಾಜ್ ಅಫೀಫ್ ಬರೆದಿಟ್ಟಿದ್ದಾನೆ. ಕಂಬದ ಸುತ್ತ ಹತ್ತಿಯ ರಾಶಿ ಹಾಕಿ, ಅದರ ಮೇಲೆ ನಿಧಾನವಾಗಿ ಮಲಗಿಸಿದರು. ಜೊಂಡು ಮತ್ತು ಹಸಿ ಚರ್ಮ ಸುತ್ತಿ ಕಟ್ಟಿದರು. 42 ಗಾಲಿಗಳ ಬಂಡಿಯ ಮೇಲಿಟ್ಟು ಯಮುನೆಯವರೆಗೆ ಎಳೆದರು, ಅಲ್ಲಿಂದ ದೋಣಿಗಳಲ್ಲಿ ಸಾಗಿಸಿದರು. ಇಂದಿಗೂ ಅದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ನಿಂತಿದೆ. ಕಂಬದ ಮೇಲಿನ ಬರಹವನ್ನು ಓದಲು ಸುಲ್ತಾನ ಪಂಡಿತರನ್ನು ಕರೆಸಿದ. ಅವರಿಗೆ ಆಗಲಿಲ್ಲ. ಕಂಬವನ್ನು ಅಷ್ಟು ದೂರದಿಂದ ಸಾಗಿಸಲು ಸಾಧ್ಯವಾಯಿತು, ಅದರ ಮೇಲಿನ ಒಂದು ಅಕ್ಷರವನ್ನು ಓದಲು ಸಾಧ್ಯವಾಗಲಿಲ್ಲ. ನಂತರ ಬಂದ ಯುರೋಪಿನ ಪ್ರವಾಸಿಗಳಲ್ಲಿ ಕೆಲವರು ಇದು ಗ್ರೀಕ್ ಲಿಪಿ, ಅಲೆಕ್ಸಾಂಡರ್ ನಿಲ್ಲಿಸಿದ ಕಂಬ ಎಂದು ತಿಳಿದರು. ಅದೂ ತಪ್ಪು ಉತ್ತರ.

ಪ್ರಿನ್ಸೆಪ್ ಅರ್ಥ ಊಹಿಸಲು ಹೋಗಲಿಲ್ಲ. ಮೊದಲು ಎಣಿಸಿದರು. ಅಲಹಾಬಾದಿನ ಕಂಬ, ದೆಹಲಿಯ ಕಂಬ, ಬಿಹಾರದ ಲೌರಿಯಾ ಕಂಬ, ಈ ಮೂರರ ನಕಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸಿದರು. ದೂರ ದೂರದ ಊರುಗಳಲ್ಲಿ ನಿಂತಿದ್ದರೂ ಕಂಬಗಳ ಮೇಲೆ ಕೊರೆದದ್ದು ಒಂದೇ ಪಾಠ ಎಂದು ತಿಳಿಯಿತು. ಅಂದರೆ ಇದು ಒಂದು ಊರಿನ ರಾಜ ಬರೆಸಿದ್ದಲ್ಲ. ಒಂದು ನಕಲಿನಲ್ಲಿ ಅಳಿಸಿಹೋದ ಅಕ್ಷರವನ್ನು ಇನ್ನೊಂದರಿಂದ ತುಂಬಿಕೊಳ್ಳಬಹುದಾಯಿತು. ಆಮೇಲೆ ಅಕ್ಷರಗಳ ಪಟ್ಟಿ ಮಾಡಿದರು, ಯಾವುದು ಎಷ್ಟು ಬಾರಿ ಬರುತ್ತದೆ ಎಂದು ಲೆಕ್ಕ ಬರೆದರು.

ಆ ಪಟ್ಟಿಯಲ್ಲಿ ಅವರಿಗೆ ಒಂದು ವಿಷಯ ಕಾಣಿಸಿತು. ನಾನು ಅದನ್ನು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಮೂಲ ಅಕ್ಷರಗಳು ಕಡಿಮೆ. ಅದೇ ಅಕ್ಷರಕ್ಕೆ ಮೇಲೆ, ಕೆಳಗೆ, ಪಕ್ಕದಲ್ಲಿ ಚಿಕ್ಕ ಚಿಕ್ಕ ಗೆರೆ ಸೇರಿ ಬೇರೆ ಬೇರೆ ರೂಪಗಳಾಗುತ್ತಿದ್ದವು. ಒಂದು ಅಕ್ಷರಕ್ಕೆ ಯಾವ ಯಾವ ಗೆರೆ ಸೇರುತ್ತದೋ ಅದೇ ಗೆರೆಗಳು ಇನ್ನೊಂದಕ್ಕೂ ಸೇರುತ್ತಿದ್ದವು. ಇದೇನು ಹೇಳಿ? ಕಾಗುಣಿತ! ನನ್ನನ್ನು ಎಂಟನೇ ತರಗತಿಯಲ್ಲಿ ಅಳಿಸಿದ ಅದೇ ಕಾಗುಣಿತ. ಒಂದು ಅಕ್ಷರವನ್ನೂ ಓದಲು ಬಾರದ ಹಂತದಲ್ಲೇ ಇದು ಗ್ರೀಕ್ ಅಲ್ಲ, ಭಾರತದ ಭಾಷೆಗಳಂತೆ ವ್ಯಂಜನಕ್ಕೆ ಸ್ವರದ ಗುರುತು ಸೇರಿಸುವ ಲಿಪಿ ಎಂದು ಪ್ರಿನ್ಸೆಪ್ ಅವರಿಗೆ ಗೊತ್ತಾಯಿತು. ಇದು 1834ರ ಮಾತು.

ಆದರೆ ಯಾವ ಅಕ್ಷರಕ್ಕೆ ಯಾವ ಉಚ್ಚಾರಣೆ? ಅಲ್ಲಿ ಕೆಲಸ ನಿಂತಿತು. ಮಧ್ಯೆ 1836ರಲ್ಲಿ ಜರ್ಮನಿಯ ಬಾನ್ ನಗರದಲ್ಲಿದ್ದ ನಾರ್ವೆ ಮೂಲದ ವಿದ್ವಾಂಸ ಕ್ರಿಶ್ಚಿಯನ್ ಲ್ಯಾಸೆನ್ ಒಂದು ನಾಣ್ಯದಿಂದ ಕೆಲವು ಅಕ್ಷರಗಳನ್ನು ಗುರುತಿಸಿದರು. ಆ ನಾಣ್ಯದಲ್ಲಿ ಒಂದು ಕಡೆ ಗ್ರೀಕ್ ಅಕ್ಷರದಲ್ಲಿ ಅಗಾಥೊಕ್ಲೀಸ್ ಎಂಬ ರಾಜನ ಹೆಸರು, ಇನ್ನೊಂದು ಕಡೆ ಬ್ರಾಹ್ಮಿಯಲ್ಲಿ ಅದೇ ಹೆಸರು. ಆದರೆ ಕಂಬಗಳ ಉದ್ದನೆಯ ಬರಹ ತೆರೆಯಲು ಅಷ್ಟೇ ಸಾಲಲಿಲ್ಲ.

1837ರಲ್ಲಿ ಸಾಂಚಿಯಿಂದ ಕ್ಯಾಪ್ಟನ್ ಎಡ್ವರ್ಡ್ ಸ್ಮಿತ್ ಎಂಬುವರು ಒಂದಷ್ಟು ನಕಲುಗಳನ್ನು ಕಳುಹಿಸಿದರು. ಸಾಂಚಿಯ ಸ್ತೂಪದ ಸುತ್ತ ಕಲ್ಲಿನ ಕಟಾಂಜನದಂತೆ ಬೇಲಿಯಿದೆ. ಅದರ ಕಲ್ಲುಗಳ ಮೇಲಿದ್ದ ಚಿಕ್ಕ ಚಿಕ್ಕ ಬರಹಗಳು ಅವು. ದೊಡ್ಡ ಶಾಸನವಲ್ಲ, ತಲಾ ಒಂದೆರಡು ಸಾಲು ಮಾತ್ರ. ಪ್ರಿನ್ಸೆಪ್ ಅವುಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕಲು ಒಂದರ ಕೆಳಗೆ ಒಂದು ಜೋಡಿಸುತ್ತಿದ್ದರು. ಆಗ ಕಣ್ಣಿಗೆ ಬಿದ್ದದ್ದು ಇಷ್ಟು: ಹೆಚ್ಚುಕಡಿಮೆ ಎಲ್ಲ ಸಾಲುಗಳೂ ಅವೇ ಎರಡು ಅಕ್ಷರಗಳಲ್ಲಿ ಮುಗಿಯುತ್ತವೆ. ಕೊನೆಯ ಅಕ್ಷರದ ಪಕ್ಕ ಒಂದು ಚುಕ್ಕೆ.

ಇಲ್ಲಿ ಅವರು ಮಾಡಿದ್ದು ನಿಜವಾದ ಪದಬಂಧದ ಕೆಲಸ. ಅಕ್ಷರದಿಂದ ಅರ್ಥಕ್ಕೆ ಹೋಗಲಿಲ್ಲ, ಜಾಗದಿಂದ ಅರ್ಥಕ್ಕೆ ಹೋದರು. ಇಷ್ಟು ಚಿಕ್ಕ ಬರಹ, ಪವಿತ್ರವಾದ ಸ್ಥಳ, ಒಂದೊಂದು ಕಲ್ಲಿಗೂ ಒಂದೊಂದು, ಕೊನೆಯ ಪದ ಮಾತ್ರ ಒಂದೇ. ಇದು ಒಂದು ಕತೆಯ ತುಂಡುಗಳಾಗಿರಲು ಸಾಧ್ಯವಿಲ್ಲ. ಸಮಾಧಿಯ ಬರಹವಾಗಿರಬಹುದು, ಇಲ್ಲವೇ ಕಾಣಿಕೆ ಕೊಟ್ಟವರ ಹೆಸರಾಗಿರಬಹುದು. ಬರ್ಮಾದ ದೇವಾಲಯಗಳಲ್ಲಿ ಭಕ್ತರು ಕೊಟ್ಟ ಕಂಬ, ಧ್ವಜಗಳ ಮೇಲೆ ಹೆಸರು ಬರೆಯುವ ಪದ್ಧತಿ ಅವರಿಗೆ ಗೊತ್ತಿತ್ತು. ನಮ್ಮಲ್ಲೂ ಮಸೀದಿಯ ಗಡಿಯಾರ, ಫ್ಯಾನು, ಶಾಲೆಯ ಬೆಂಚು, ದೇವಸ್ಥಾನದ ಗಂಟೆ ಯಾವುದನ್ನೇ ನೋಡಿ, ಕೊಟ್ಟವರ ಹೆಸರು ಇರುತ್ತದೆ. ಕೊನೆಯಲ್ಲಿ ಕೊಡುಗೆ ಎಂಬ ಪದ ಇರುತ್ತದೆ. ಹಾಗಾದರೆ ಆ ಎರಡಕ್ಷರ ಮತ್ತು ಚುಕ್ಕೆ ಏನು? 'ದಾನಂ' ಇರಬಹುದೇ?

ಇಟ್ಟು ನೋಡಿದರು. 'ದ' ಸಿಕ್ಕಿತು, 'ನ' ಸಿಕ್ಕಿತು, ದೀರ್ಘದ ಗೆರೆ ಸಿಕ್ಕಿತು, ಚುಕ್ಕೆ ಅನುಸ್ವಾರ ಎಂದು ತಿಳಿಯಿತು. 'ದಾನಂ' ಪದದ ಹಿಂದೆ ಬಹಳ ಸಾಲುಗಳಲ್ಲಿ ಮತ್ತೊಂದು ಅಕ್ಷರ ಪದೇ ಪದೇ ಬರುತ್ತಿತ್ತು. ಇಂಥವರ ದಾನ ಎನ್ನಬೇಕಾದರೆ ಹೆಸರಿನ ಮುಂದೆ 'ಅವರ' ಎಂಬ ಅರ್ಥದ ಪ್ರತ್ಯಯ ಬೇಕು. ಪ್ರಾಕೃತದಲ್ಲಿ ಅದು 'ಸ'. ಗುಜರಾತಿನ ಕಡೆಯ ಹಳೆಯ ನಾಣ್ಯಗಳಲ್ಲೂ ಅವರು ಅದೇ 'ಸ'ವನ್ನು ನೋಡಿದ್ದರು. ಅಡ್ಡ ಸಾಲಿನ ಅಕ್ಷರ ಉದ್ದ ಸಾಲಿಗೂ ಹೊಂದಿತು. ಒಂದು ಪದ ಸಿಕ್ಕಮೇಲೆ ಪದಬಂಧ ಹೇಗೆ ಬೇಗ ಬೇಗ ತುಂಬುತ್ತದೆ ಎಂದು ಬಿಡಿಸುವವರಿಗೆ ಗೊತ್ತು. ಸಾಂಚಿಯ ದಾನಿಗಳ ಹೆಸರುಗಳು ಒಂದೊಂದಾಗಿ ಬಾಯಿಬಿಟ್ಟವು. ಆ ಅಕ್ಷರಗಳನ್ನು ಹಿಡಿದು ಅವರು ದೆಹಲಿಯ ಕಂಬದ ಕಡೆ ತಿರುಗಿದರು.

ಒಂದು ಮಾತು ಇಲ್ಲಿ ಹೇಳಲೇಬೇಕು. ಪ್ರಿನ್ಸೆಪ್ ದೊಡ್ಡ ಸಂಸ್ಕೃತ ಪಂಡಿತರೇನೂ ಅಲ್ಲ. ಅಕ್ಷರ ಅವರಿಗೆ ಸಿಕ್ಕಿತು, ಆದರೆ ಭಾಷೆಗೆ ಬೇರೆಯವರ ಸಹಾಯ ಬೇಕಾಯಿತು. ಪಂಡಿತ ಕಮಲಾಕಾಂತ ವಿದ್ಯಾಲಂಕಾರ ಮತ್ತು ಪಾಳಿ ಬಲ್ಲ ಸಿಂಹಳದ ರತ್ನಪಾಲ ಅವರ ಜೊತೆ ಕುಳಿತು ಸಾಲು ಸಾಲಾಗಿ ಅರ್ಥ ಬಿಡಿಸಿದರು. ನಮ್ಮ ಪಠ್ಯದ ಒಂದು ಸಾಲಿನಲ್ಲಿ ಇವರ ಹೆಸರು ಇಲ್ಲ. ನನಗೆ ಇದು ಸರಿ ಅನ್ನಿಸಲಿಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಕಂಬದ ಬರಹ ಓದಿದಾಗ ಅದರಲ್ಲಿ ಮಾತನಾಡುತ್ತಿದ್ದವನು ಒಬ್ಬ ರಾಜ. ತನ್ನನ್ನು ದೇವಾನಂಪಿಯ ಪಿಯದಸಿ ಎಂದು ಕರೆದುಕೊಂಡಿದ್ದ. ಪ್ರಾಣಿಗಳನ್ನು ಕೊಲ್ಲಬೇಡಿ, ದಾರಿಯಲ್ಲಿ ಮರ ನೆಡಿಸಿದ್ದೇನೆ, ಬಾವಿ ತೋಡಿಸಿದ್ದೇನೆ ಎಂಬ ವಿಷಯಗಳನ್ನು ಬರೆಸಿದ್ದ. ಆದರೆ ಯಾರು ಈ ಪಿಯದಸಿ? ಆಗ ಗೊತ್ತಿದ್ದ ರಾಜರ ಪಟ್ಟಿಗಳಲ್ಲಿ ಹಾಗೊಂದು ಹೆಸರು ಕಾಣಲಿಲ್ಲ. ಸಿಂಹಳದಲ್ಲಿ ದೇವಾನಂಪಿಯ ತಿಸ್ಸ ಎಂಬ ರಾಜನಿದ್ದ. ಅವನೇ ಇವನು ಎಂದು ಪ್ರಿನ್ಸೆಪ್ ಭಾವಿಸಿದರು. ಅದು ತಪ್ಪಾಗಿತ್ತು.

ಈ ತಪ್ಪಿನ ವಿಷಯ ಓದುವಾಗ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಕಳೆದ ವರ್ಷ ಅಕೌಂಟೆನ್ಸಿ ಪರೀಕ್ಷೆಯಲ್ಲಿ ನನ್ನ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಲಿಲ್ಲ. 900 ರೂಪಾಯಿ ವ್ಯತ್ಯಾಸ. ಸಮಯ ಮುಗಿಯುತ್ತಾ ಬಂದಿತ್ತು. ನಾನು ಒಂದು ಖಾತೆಯ ಅಂಕಿಯನ್ನೇ ತಿದ್ದಿ ಎರಡೂ ಕಡೆ ಸಮ ಮಾಡಿಬಿಟ್ಟೆ. ಉಪನ್ಯಾಸಕರು ಕಂಡುಹಿಡಿದರು. ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ತೋರಿಸಿದ್ದರೆ ಅಂಕ ಕೊಡುತ್ತಿದ್ದೆ, ಮುಚ್ಚಿಟ್ಟದ್ದಕ್ಕೆ ಕೊಡುವುದಿಲ್ಲ ಎಂದರು. ಸಸ್ಪೆನ್ಸ್ ಖಾತೆ ಎಂದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುವವರೆಗೆ ವ್ಯತ್ಯಾಸವನ್ನು ಎಲ್ಲರಿಗೂ ಕಾಣುವಂತೆ ಇಡುವ ಜಾಗ.

ಪ್ರಿನ್ಸೆಪ್ ತಮ್ಮ ಊಹೆಯನ್ನು ಪತ್ರಿಕೆಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. ಸಿಂಹಳದಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಎಂಬುವರು ಪಾಳಿ ಗ್ರಂಥಗಳನ್ನು ಓದುತ್ತಿದ್ದರು. ಅವರಿಗೆ ದೀಪವಂಸ ಎಂಬ ಹಳೆಯ ಗ್ರಂಥದಲ್ಲಿ ಪಿಯದಸ್ಸಿ ಎಂಬುದು ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ ಅಶೋಕನ ಇನ್ನೊಂದು ಹೆಸರು ಎಂದು ಸಿಕ್ಕಿತು. ಅವರು ಪ್ರಿನ್ಸೆಪ್ ಅವರಿಗೆ ತಿಳಿಸಿದರು. ಪ್ರಿನ್ಸೆಪ್ ತಮ್ಮ ಊಹೆಯನ್ನು ಹಿಡಿದುಕೊಂಡು ಕೂರಲಿಲ್ಲ. ಅದೇ ವರ್ಷ, ಅದೇ ಪತ್ರಿಕೆಯಲ್ಲಿ ಟರ್ನರ್ ಅವರ ಮಾತನ್ನು ಪ್ರಕಟಿಸಿ ಒಪ್ಪಿಕೊಂಡರು. ಹೀಗೆ ಸುಮಾರು ಎರಡು ಸಾವಿರ ವರ್ಷ ಕಲ್ಲಿನ ಮೇಲೆಯೇ ಇದ್ದು ಯಾರಿಗೂ ಕಾಣದೆ ಹೋಗಿದ್ದ ಅಶೋಕ ಮತ್ತೆ ಸಿಕ್ಕಿದ. ಇಂದು ನಮ್ಮ ನೋಟಿನ ಮೇಲೆ, ನಾಣ್ಯದ ಮೇಲೆ ಇರುವ ಸಿಂಹಗಳು ಆ ಅಶೋಕನ ಕಂಬದವು.

1838ರಲ್ಲಿ ಗುಜರಾತಿನ ಗಿರ್ನಾರ್ ಮತ್ತು ಒಡಿಶಾದ ಧೌಲಿಯ ಬಂಡೆಗಳ ನಕಲುಗಳು ಬಂದವು. ಗಿರ್ನಾರಿನ ಬರಹದಲ್ಲಿ ಪ್ರಿನ್ಸೆಪ್ ಅವರಿಗೆ ಅಂಟಿಯೋಕಸ್, ಟಾಲೆಮಿ ಮುಂತಾದ ಗ್ರೀಕ್ ರಾಜರ ಹೆಸರುಗಳು ಸಿಕ್ಕವು. ಆ ರಾಜರ ಕಾಲ ಮೊದಲೇ ಗೊತ್ತಿತ್ತು. ಅದರಿಂದ ಅಶೋಕನ ಕಾಲ ಕ್ರಿಸ್ತಪೂರ್ವ ಮೂರನೇ ಶತಮಾನ ಎಂದು ನಿಂತಿತು. ಭಾರತದ ಪ್ರಾಚೀನ ಇತಿಹಾಸಕ್ಕೆ ಒಂದು ಗಟ್ಟಿ ದಿನಾಂಕ ಸಿಕ್ಕಿದಂತಾಯಿತು.

ಇದರ ಜೊತೆಗೆ ಅವರು ಇನ್ನೊಂದು ಪದಬಂಧವನ್ನೂ ಬಿಡಿಸುತ್ತಿದ್ದರು. ಅಫ್ಘಾನಿಸ್ತಾನದ ಕಡೆ ಚಾರ್ಲ್ಸ್ ಮ್ಯಾಸನ್ ಎಂಬುವರು ಸಾವಿರಾರು ಹಳೆಯ ನಾಣ್ಯಗಳನ್ನು ಸಂಗ್ರಹಿಸಿದ್ದರು. ಒಂದು ಕಡೆ ಗ್ರೀಕ್, ಇನ್ನೊಂದು ಕಡೆ ಗೊತ್ತಿಲ್ಲದ ಲಿಪಿ. ಎರಡೂ ಕಡೆ ಒಂದೇ ರಾಜನ ಹೆಸರು ಇರಬೇಕೆಂದು ಮ್ಯಾಸನ್ ಗುರುತಿಸಿದರು. ಪ್ರಿನ್ಸೆಪ್ ಆ ಸುಳಿವನ್ನು ಹಿಡಿದು ಅನೇಕ ಅಕ್ಷರಗಳನ್ನು ಓದಿದರು. ಅದು ಖರೋಷ್ಠಿ ಲಿಪಿ. ನಮ್ಮ ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆಯುವ ಲಿಪಿ.

ಇಷ್ಟೆಲ್ಲ ಓದುವಾಗ ಅವರಿಗೆ ದಿನದಲ್ಲಿ ಎಷ್ಟು ಗಂಟೆ ಇತ್ತು ಎಂದು ಅನ್ನಿಸುತ್ತದೆ. ಹಗಲು ಟಂಕಸಾಲೆಯ ಕೆಲಸ. ಉಳಿದ ಹೊತ್ತಿನಲ್ಲಿ ಪತ್ರಿಕೆ, ಪತ್ರಗಳಿಗೆ ಉತ್ತರ, ನಕಲುಗಳು, ನಾಣ್ಯಗಳು. ಶಾಸನಗಳ ಚಿತ್ರಗಳನ್ನು ಅಚ್ಚಿಗಾಗಿ ತಾವೇ ಬರೆಯುತ್ತಿದ್ದರು. 1835ರಲ್ಲಿ ಹ್ಯಾರಿಯೆಟ್ ಎಂಬುವರನ್ನು ಮದುವೆಯಾಗಿದ್ದರು, ಚಿಕ್ಕ ಮಗಳಿದ್ದಳು. 1838ರಲ್ಲಿ ವಿಪರೀತ ತಲೆನೋವು ಶುರುವಾಯಿತು. ಕೆಲಸ ನಿಲ್ಲಿಸಲಿಲ್ಲ. ಕೊನೆಗೆ ಮೆದುಳಿಗೇ ಕಾಯಿಲೆ ತಗುಲಿತು. ಆ ವರ್ಷದ ಕೊನೆಯಲ್ಲಿ ಅವರನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕರೆದೊಯ್ದರು. ಅಲ್ಲಿ ಚೇತರಿಸಿಕೊಳ್ಳಲಿಲ್ಲ. ಸಾವಿರಾರು ವರ್ಷದ ಮರೆತ ಅಕ್ಷರಗಳನ್ನು ನೆನಪಿಸಿಕೊಟ್ಟ ಆ ತಲೆ ಕೊನೆಯಲ್ಲಿ ಕೆಲಸ ಮಾಡದೇ ಹೋಯಿತು. 1840ರ ಏಪ್ರಿಲ್ 22ರಂದು ಲಂಡನ್ನಿನಲ್ಲಿ ತೀರಿಕೊಂಡರು. ವಯಸ್ಸು ನಲವತ್ತು. ಕಲ್ಕತ್ತದ ಜನ ಹೂಗ್ಲಿ ನದಿಯ ದಡದಲ್ಲಿ ಅವರ ನೆನಪಿಗೆ ಒಂದು ಘಾಟ್ ಕಟ್ಟಿಸಿದರು. ಪ್ರಿನ್ಸೆಪ್ ಘಾಟ್ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಇದೆ.

ಅವರು ನಮ್ಮ ಕರ್ನಾಟಕಕ್ಕೆ ಬಂದವರಲ್ಲ. ಆದರೆ ಅವರು ಬಿಟ್ಟುಹೋದ ಅಕ್ಷರಮಾಲೆ ಬಂತು. 1892ರಲ್ಲಿ ಬಿ. ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಬಳಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ, ಅಂದರೆ ಬ್ರಾಹ್ಮಿಯನ್ನು ಓದಿದ ಅದೇ ವರ್ಷ. ಆ ಶಾಸನಗಳನ್ನು ಬರೆದ ಲಿಪಿಕಾರನ ಹೆಸರು ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರನಿಂದ ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಆ ಕಡೆಯ ಬರವಣಿಗೆ ಕಲಿತ ಒಬ್ಬ ಮನುಷ್ಯ ಅಷ್ಟು ದೂರದ ನಮ್ಮ ಬಂಡೆಗಳ ಮೇಲೆ ಎರಡು ಲಿಪಿಗಳಲ್ಲಿ ಬರೆದುಹೋಗಿದ್ದಾನೆ. ಮನೆಯಲ್ಲಿ ಬಲದಿಂದ ಎಡಕ್ಕೆ, ಕಾಲೇಜಿನಲ್ಲಿ ಎಡದಿಂದ ಬಲಕ್ಕೆ ಬರೆಯುವ ನನಗೆ ಚಪಡ ಬಹಳ ಹತ್ತಿರದವನು ಅನ್ನಿಸಿದ.

ಮತ್ತೊಂದು ದೊಡ್ಡ ಸಂಗತಿ ಮಸ್ಕಿಯದು. ಟರ್ನರ್ ಹೇಳಿದ ಮೇಲೆ ಪಿಯದಸಿಯೇ ಅಶೋಕ ಎಂದು ವಿದ್ವಾಂಸರು ಒಪ್ಪಿದ್ದರು. ಆದರೆ ಅದಕ್ಕೆ ಆಧಾರ ಗ್ರಂಥ ಮಾತ್ರ. ಅಲ್ಲಿಯವರೆಗೆ ಸಿಕ್ಕಿದ ಯಾವ ಶಾಸನದಲ್ಲೂ ಅಶೋಕ ಎಂಬ ಹೆಸರು ಇರಲಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರಿಗೆ ಒಂದು ಶಾಸನ ಸಿಕ್ಕಿತು. ಅದರಲ್ಲಿ ದೇವಾನಂಪಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇತ್ತು. ಸಸ್ಪೆನ್ಸ್ ಖಾತೆ 78 ವರ್ಷದ ನಂತರ ಮುಚ್ಚಿತು. ಪ್ರಿನ್ಸೆಪ್ ಬಿಡಿಸಿದ ಪದಬಂಧದ ಉತ್ತರ ಪ್ರಕಟವಾದದ್ದು ನಮ್ಮ ಕರ್ನಾಟಕದ ಬಂಡೆಯ ಮೇಲೆ. ಅದನ್ನು ನೋಡಲು ಅವರು ಇರಲಿಲ್ಲ.

ನಮ್ಮ ಖಾಲಾ ಮನೆ ಸಿಂಧನೂರಿನಲ್ಲಿ ಇದೆ. ರಜೆಯಲ್ಲಿ ಅಲ್ಲಿಗೆ ಹೋದಾಗ ಖಾಲೂ ಜೊತೆ ಮಸ್ಕಿಗೆ ಹೋಗಿದ್ದೆ. ಪುಸ್ತಕದಿಂದ ಬ್ರಾಹ್ಮಿಯ ಅಕ್ಷರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ಬಂಡೆಯ ಅಕ್ಷರಗಳು ತುಂಬ ಸವೆದಿವೆ. ಹಾಳೆ ಹಿಡಿದು ನಿಂತೆ. 'ನ' ಗುರುತು ಸಿಕ್ಕಿತು, 'ಸ' ಸಿಕ್ಕಿತು. ಇಡೀ ಸಾಲು ಓದಲು ಆಗಲಿಲ್ಲ. ಖಾಲೂ ಫೋನಿನಲ್ಲಿ ನೋಡಿಬಿಡು, ಎಲ್ಲ ಬರುತ್ತದೆ ಎಂದರು. ಇನ್ನೂ ಸ್ವಲ್ಪ ಹೊತ್ತು ಇರೋಣ ಖಾಲೂ ಎಂದೆ. ಅವರು ನೆರಳಿಗೆ ಹೋಗಿ ಕುಳಿತರು.

ನಮ್ಮ ಕನ್ನಡ ಅಕ್ಷರಗಳೂ ಆ ಬ್ರಾಹ್ಮಿಯಿಂದ ಬೆಳೆದು ಬಂದವು. ಬ್ರಾಹ್ಮಿಯ 'ಠ' ಒಂದು ದುಂಡನೆಯ ಸೊನ್ನೆ. ನಮ್ಮ 'ಠ' ಇಂದಿಗೂ ದುಂಡಗೇ ಇದೆ. ಎಂಟನೇ ತರಗತಿಯಲ್ಲಿ ಇದು ನಮ್ಮ ಮನೆಯ ಲಿಪಿಯಲ್ಲ, ನನಗೆ ಬರುವುದಿಲ್ಲ ಎಂದು ಅಮ್ಮಿಯ ಹತ್ತಿರ ಅತ್ತಿದ್ದೆ. ಎರಡು ಸಾವಿರ ವರ್ಷದ ಹಿಂದೆ ಚಪಡ ಬರೆದಾಗಲೂ ಅವನಿಗೆ ಕಾಗುಣಿತ ಇತ್ತು. ಅವನೂ ಅದನ್ನು ಕಲಿತೇ ಬರೆದಿರಬೇಕು.

ಸ್ನೇಹಿತರೇ, ನಮ್ಮ ಬಳಿ ಗೈಡ್ ಇದೆ, ಮೊಬೈಲ್ ಇದೆ, ಪುಸ್ತಕದ ಕೊನೆಯಲ್ಲಿ ಉತ್ತರವೂ ಇದೆ. ಅವುಗಳನ್ನು ನೋಡಬಾರದು ಎಂದು ನಾನು ಹೇಳುತ್ತಿಲ್ಲ, ನಾನೂ ನೋಡುತ್ತೇನೆ. ಆದರೆ ನೋಡುವ ಮೊದಲು ಒಂದರ್ಧ ಗಂಟೆ ನಾವೇ ಕುಳಿತು ಪ್ರಯತ್ನಿಸಬಹುದು. ತಾಳೆಯಾಗದಿದ್ದರೆ ತಾಳೆಯಾಗಿಲ್ಲ ಎಂದು ಬರೆಯಬಹುದು. ಕಳೆದ ಭಾನುವಾರದ ಪದಬಂಧದಲ್ಲಿ ನನಗೆ ನಾಲ್ಕು ಮನೆಗಳು ಬರಲಿಲ್ಲ. ಅವುಗಳನ್ನು ಖಾಲಿ ಬಿಟ್ಟೇ ಮೇಷ್ಟ್ರಿಗೆ ತೋರಿಸಿದೆ. ಅವರು ಪೂರ್ತಿ ನೋಡಿ, ಒಂದು ಕಡೆ ಕೊಂಬಿಗೆ ದೀರ್ಘ ತಪ್ಪಿದ್ದನ್ನು ಕೆಂಪು ಶಾಯಿಯಲ್ಲಿ ತಿದ್ದಿದರು. ಖಾಲಿ ಮನೆಗಳಿಗೆ ಏನೂ ಬರೆಯಲಿಲ್ಲ. ಅವು ಇನ್ನೂ ನನ್ನ ಬಳಿ ಹಾಗೆಯೇ ಇವೆ.